ನಾಲ್ಕು ಕಡೆಯ ಕರೆಂಟು

ಎಲ್ಲಿಂದ ಶುರು ಮಾಡಲಿ? ಕರೆಂಟ್ ಹೋದಲ್ಲಿಂದ ಎಂದುಕೊಂಡೆ. ಆದರೆ ಓದುಗರೇ, ಈ ಮನೆಯಲ್ಲಿ ಕರೆಂಟ್ ಹೋದರೆ ಈಗ ಗೊತ್ತೇ ಆಗುವುದಿಲ್ಲ. ಕತೆಗಾರನ ಹೊಟ್ಟೆಯ ಮೇಲೆ ಹೊಡೆಯುವ ಮನೆ ಇದು.

೧. ಹಿಂದಕ್ಕೆ ಹೋಗೋಣ. ಅಪ್ಪನ ಶ್ವಾಸಕೋಶ ಸೋತಿದೆ. ಮಂಚದ ಪಕ್ಕದ ಆಕ್ಸಿಜನ್ ಮಶೀನು ಕರೆಂಟಿನಿಂದ ನಡೆಯುತ್ತದೆ, ಅಪ್ಪ ಆ ಮಶೀನಿನಿಂದ. ಒಂದು ಮಧ್ಯಾಹ್ನ ಫ್ಯಾನ್ ನಿಂತಿತು. ಬೀದಿಯವರೆಲ್ಲ "ಹೋಯ್ತು!" ಎಂದು ಕೂಗಿದರು. ಏನು ಹೋಯ್ತು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ, ಆ ಒಂದು ಪದ ಸಾಕು. ಅಮ್ಮ ಸೌಟು ಹಿಡಿದೇ ಓಡಿ ಬಂದಳು. ಅವಳಿಗೆ ಆ ಪದದಲ್ಲಿ ಕರೆಂಟ್ ಕೇಳಿಸಿರಲಿಲ್ಲ.

ಆಕ್ಸಿಜನ್ ಸಿಲಿಂಡರಿನ ತಿರುಪು ತಿರುಗಿಸಿ ಅಪ್ಪನನ್ನು ಉಳಿಸಿಕೊಂಡೆವು. ಮರುದಿನವೇ ಅತ್ತಿಗೆ ಗೋಡೆ ಕೊರೆಯಲು ನಿಂತರು.

೨. ಅತ್ತಿಗೆ ಅಂದರೆ ಅಣ್ಣನ ಹೆಂಡತಿ. ಕೆಲಸ ಲಿಫ್ಟ್ ರಿಪೇರಿ. ಈ ಕತೆಯ ಡ್ರಾಫ್ಟಿನಲ್ಲಿ ಅವರನ್ನು "ವಿನಯಶೀಲೆ" ಎಂದು ಬರೆದಿದ್ದೆ. ಓದಿ ನಕ್ಕರು.

"ಯಾರೋ ಇವಳು? ನಾನು ಮಾಡಿರೋ ಕರೆಂಟ್ ಬೋರ್ಡ್ ಥರ ಇನ್ನೊಂದು ತೋರಿಸು, ಆಮೇಲೆ ವಿನಯದ ಮಾತು."

ಆ ಪದವನ್ನು ಹೊಡೆದುಹಾಕಿದೆ.

ಬೋರ್ಡಿಗೆ ಕರೆಂಟು ಬರುವುದು ನಾಲ್ಕು ಕಡೆಯಿಂದ: ಹೊರಗಿನ ಲೈನು, ತಾರಸಿಯ ಸೋಲಾರ್, ಬ್ಯಾಟರಿ, ಹಿತ್ತಲ ಜನರೇಟರ್. ನಾಲ್ಕನ್ನೂ ಒಂದೇ ವೈರಿಗೆ ಗಂಟು ಹಾಕಿದರಾಯಿತಲ್ಲ ಎಂದೆ.

"ಹಾಕು, ಬೋರ್ಡ್ ಸುಟ್ಟು ಬೂದಿಯಾಗತ್ತೆ. ನಮ್ಮ ಜನರೇಟರ್ ಕರೆಂಟ್ ಹೊರಗಿನ ಲೈನಿಗೆ ನುಗ್ಗಿದ್ರೆ ಕಂಬದ ಮೇಲೆ ರಿಪೇರಿ ಮಾಡ್ತಿರೋನ ಗತಿ ಏನೋ?"

ಅದಕ್ಕೇ ಅವರು ಹಾಕಿದ ಸ್ವಿಚ್ಚಿನಲ್ಲಿ ಲೈನು ಕೈಬಿಟ್ಟ ಮೇಲಷ್ಟೇ ಜನರೇಟರ್ ಕೈಹಿಡಿಯುತ್ತದೆ. ನಡುವೆ ಎರಡೂ ಇಲ್ಲದ ಒಂದು ಸಂದು. ಆ ಸಂದಿನಲ್ಲಿ ಮಶೀನನ್ನು ನಡೆಸುವುದು ಬ್ಯಾಟರಿ. ಬಿಸಿಲಿದ್ದಾಗ ಮಶೀನನ್ನೂ ನಡೆಸಿ ಬ್ಯಾಟರಿಯನ್ನೂ ತುಂಬಿಸುವುದು ಸೋಲಾರ್. ಬ್ಯಾಟರಿ ಖಾಲಿಯಾಗುವ ಹೊತ್ತಿಗಷ್ಟೇ ಜನರೇಟರ್ ಸ್ಟಾರ್ಟ್. ಎಷ್ಟು ಚೆಂದ ಅಲ್ಲವೇ? (ನಾಲ್ವರು ಹೆಗಲು ಕೊಟ್ಟಂತೆ ಎಂದು ಉಪಮೆ ಬರೆದಿದ್ದೆ. ಅಮ್ಮ ಪೆನ್ನು ಕಿತ್ತುಕೊಂಡಳು.)

೩. ನನಗೆ ಬೇಕಿದ್ದದ್ದು ಆ ಸಂದು. ಕತೆಗೆ ಒಂದು ಕೊನೆ: ಬ್ಯಾಟರಿ ಕೈಕೊಡುತ್ತದೆ. ಇನ್ನೊಂದು: ಜನರೇಟರ್ ಸ್ಟಾರ್ಟೇ ಆಗುವುದಿಲ್ಲ. ಅತ್ತಿಗೆ ಎರಡಕ್ಕೂ ಒಪ್ಪಲಿಲ್ಲ.

"ಅತ್ತಿಗೆ, ಕತೆ ಅಂದಮೇಲೆ ಏನಾದ್ರೂ ಆಗ್ಬೇಕಲ್ಲ?"

"ಏನೂ ಆಗ್ಬಾರ್ದು ಅಂತ ತಾನೇ ನಾನು ಇಷ್ಟು ಒದ್ದಾಡಿದ್ದು?"

ಏನಾದರೂ ಆಗಲಿ ಎಂದು ನಾನು ತಿಣುಕುತ್ತಿರುವಾಗ, ಏನೂ ಆಗದ ಒಂದೊಂದು ಮಧ್ಯಾಹ್ನವನ್ನೂ ಇವರು ಸ್ಕ್ರೂ ಬಿಗಿದು ನಿಲ್ಲಿಸಿದ್ದಾರೆ. ಹೊಟ್ಟೆಕಿಚ್ಚಾಗುತ್ತದೆ, ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಗುತ್ತದೆ.

೫. (೪ನ್ನು ಹರಿದುಹಾಕಿದೆ. ಅದರಲ್ಲಿ ಅಪ್ಪ ಇರಲಿಲ್ಲ. ಕಾಗದದ ಮೇಲೆ ಮೊದಲೇ ಅತ್ತುಬಿಟ್ಟರೆ ಮುಂದೆ ಕಡಿಮೆ ಅಳಬಹುದು ಎಂದುಕೊಂಡಿದ್ದೆ. ನನಗೆ ಭಯ, ಅಷ್ಟೇ.)

ಇವತ್ತು ಮಧ್ಯಾಹ್ನ ಬೋರ್ಡಿನಲ್ಲಿ ಲೈನಿನ ದೀಪ ಆರಿತು. ಮಶೀನು ಗುರ್ ಎನ್ನುತ್ತಲೇ ಇತ್ತು. ಅಪ್ಪ ಮೂಗಿನ ಕೊಳವೆ ಸರಿಮಾಡಿಕೊಂಡು ಅತ್ತಿಗೆಯನ್ನು ಕೇಳಿದ:

"ಈಗ ಎಲ್ಲಿಂದ ಬರ್ತಿದೆಯಮ್ಮ?"

"ಬಿಸಿಲಿಂದ, ಮಾವ."

"ಮೋಡ ಕವಿದ್ರೆ?"

"ಬ್ಯಾಟರಿ ಇದೆ."

"ಅದು ಖಾಲಿಯಾದ್ರೆ?"

"ಜನರೇಟರ್."

"ಅದೂ ಕೈಕೊಟ್ರೆ?"

"ಸಿಲಿಂಡರ್ ಇದೆ, ಮಾವ. ನಾನಿದೀನಿ."

ಇಲ್ಲಿ ಒಳ್ಳೆಯ ಕೊನೆಯಿತ್ತು, ಓದುಗರೇ. ಪೆನ್ನು ಮುಚ್ಚುವವನಿದ್ದೆ. ಅತ್ತಿಗೆ ನನ್ನ ಕೈ ಹಿಡಿದರು.

"ತಡಿ. ಮಾವ ಕೇಳ್ತಾ ಇರ್ಲಿ. ಅವ್ರು ಕೇಳ್ತಿರೋವರೆಗೂ ನಾನು ಒಂದೊಂದೇ ಜೋಡಿಸ್ತಾ ಇರ್ತೀನಿ."

ಅಪ್ಪ ಉಸಿರೆಳೆದುಕೊಂಡ.

"ಸರಿ ಕಣಮ್ಮ," ಎಂದ. "ಸಿಲಿಂಡರೂ ಮುಗಿದ್ರೆ?"