ಭಾನುವಾರದ ಮೂಲಂಗಿ

“ಯಾರ್ ಹೇಳಿದ್ರಲೇ ಕೀಳಾಕ? ನಿಮ್ಮಪ್ಪ ಬಂದು ಹೇಳಿದ್ನೇನು, ಹುಚ್ಚ ಬೋಸುಡಿ!”

ಸದಾಶಿವ ಸಾಹುಕಾರ ಬದುವಿನ ಮೇಲೆ ನಿಂತು ಕೂಗಿದಾಗ ಆಳು ದುರ್ಗಿಯ ಮಡಿಲ ತುಂಬ ಮೂಲಂಗಿ. ಬೆಳಕು ಹರಿಯುವ ಮೊದಲೇ ಕಿತ್ತು, ಕಾಲುವೆಯಲ್ಲಿ ತೊಳೆದು, ಬೆಳ್ಳಗೆ ಹೊಳೆಯುವಂತೆ ಮಾಡಿದ್ದಳು. ಮೊದಲೆಲ್ಲ ಹಾಗೆ ಮಾಡಿಯೇ ಶಿರಸಿ ಸಂತೆಗೆ ಕಳಿಸುತ್ತಿದ್ದದ್ದು. ಈಗ ಸಂತೆಯೇ ಕಾರು ಹತ್ತಿ ದಾಸನಕೊಪ್ಪಕ್ಕೆ ಬರತೊಡಗಿತ್ತು. ಭಾನುವಾರ ಬಂತೆಂದರೆ ಹುಬ್ಬಳ್ಳಿಯವರು ಬಂದಿಳಿದು, ದುಡ್ಡು ಕೊಟ್ಟು, ತಾವೇ ಕಿತ್ತು, ತಾವೇ ತುಂಬಿಕೊಂಡು, ಸಂಜೆಯೊಳಗೆ ರೈತರಾಗಿ ಮನೆಗೆ ಹೋಗುತ್ತಿದ್ದರು.

“ಎಲ್ಲಾ ನೀನಽ ಕಿತ್ರ ಬಂದವ್ರು ಏನ್ ಕೀಳಬೇಕು, ನನ್ನ ಮೀಸಿನಾ?” ಸಾಹುಕಾರ ಒಂದು ಗಳಿಗೆ ತಲೆ ಕೆರೆದುಕೊಂಡ. “ತಡಿ. ಮತ್ತ ನೆಡು ಅವ್ನ.”

“ಕಿತ್ತದ್ದು ಹೆಂಗ್ ನೆಡೂದ್ರಿ ಸಾವ್ಕಾರ್ರ? ಮೂಲಂಗಿ ಏನ್ ಗೂಟಾ?”

“ಮಣ್ಣ ಸಡ್ಲ ಮಾಡಿ ತೂರ್ಸು. ಹೋದ ವಾರ ಜಗ್ಗಿ ಜಗ್ಗಿ ಒಬ್ಬಾಕಿ ಉಗುರು ಮುರೀತು. ಇದಽ ಛಲೋ ಆತು, ಮುಟ್ಟಿದ್ರ ಬರ್ತಾವ.”

ದುರ್ಗಿ ನೆಟ್ಟಳು. ನೀರು ತಿರುವುತ್ತಿದ್ದ ಗಂಡ ತಿಮ್ಮನಿಗೆ, “ಸತ್ತವ್ರನ್ನ ಎಬ್ಬಿಸಿ ಪಂಕ್ತಿಗೆ ಕುಂದ್ರಿಸಿದಂಗ ಆತು ನೋಡು,” ಎಂದಳು. “ನಗಬ್ಯಾಡ ಮಾರಾಯ್ತಿ, ಕೇಳಿಸ್ಕೊಂಡಾನು,” ಎಂದು ತಿಮ್ಮ ಸಲಿಕೆಯ ಕಡೆ ಮುಖ ಮಾಡಿ ತಾನೇ ನಕ್ಕ.

ಬಿಸಿಲೇರುವ ಹೊತ್ತಿಗೆ ಕಾರು ಬಂತು. ಇಳಿದವಳು ವಾಣಿಶ್ರೀ, ತಲೆಯ ಮೇಲೆ ಛತ್ರಿಯಷ್ಟಗಲದ ಟೋಪಿ. ಹಿಂದೆ ಮೊಬೈಲ್ ಹಿಡಿದ ಗಂಡ ದಿನಕರ. ಮೂಲಂಗಿ ಮಡಿಗೆ ಇಳಿದ ವಾಣಿಶ್ರೀ ಎರಡೂ ಕೈಯಲ್ಲಿ ಸೊಪ್ಪು ಹಿಡಿದು ಬಲವಾಗಿ ಜಗ್ಗಿದಳು. ಮೂಲಂಗಿ ಇವಳಿಗಾಗಿಯೇ ಕಾದಿದ್ದಂತೆ ಸರಕ್ಕನೆ ಬಂತು. ಅವಳು ಕುಂಡೆಯೂರಿ ಕುಳಿತಳು.

“ರೀ, ನೋಡ್ರಿ ಇಲ್ಲೆ! ಮಣ್ಣ ಸುದ್ದಾ ಅಂಟಿಲ್ಲ! ಸಾವಯವ ಅಂದ್ರ ಹಿಂಗಿರತದ!”

“ನಮ್ಮ ಭೂಮಿ ಗುಣಾರಿ ಅಕ್ಕಾರ,” ಎಂದ ಸಾಹುಕಾರ.

ದುರ್ಗಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಮಧ್ಯಾಹ್ನ ಹಲಸಿನ ಮರದ ಕೆಳಗೆ ಸಾಹುಕಾರನ ಹೆಂಡತಿ ಜ್ಯೋತಿ ಪರಾತದ ತುಂಬ ಮಜ್ಜಿಗೆ ಲೋಟ ಇಟ್ಟಳು. ಬುಟ್ಟಿ ಹೊತ್ತು ಹೊತ್ತು ಕಾರು ತುಂಬಿಸಿದ ದುರ್ಗಿಗೆ ನಾಲಿಗೆ ಒಣಗಿತ್ತು. ದೂರ ಕುಕ್ಕುರುಗಾಲಲ್ಲಿ ಕುಳಿತು ಬೊಗಸೆ ಒಡ್ಡಿದಳು. ಜ್ಯೋತಿ ತಂಬಿಗೆ ಎತ್ತರಕ್ಕೆ ಹಿಡಿದು ನೀರು ಬಿಟ್ಟಳು.

“ಅಯ್ಯ, ಎಷ್ಟ್ ಛಂದ ಕುಡೀತಾಳ! ವಿಡಿಯೋ ಮಾಡ್ರಿ, ವಿಡಿಯೋ ಮಾಡ್ರಿ!” ವಾಣಿಶ್ರೀ ಓಡಿ ಬಂದು ದುರ್ಗಿಯ ಪಕ್ಕ ಮಂಡಿಯೂರಿ ತಾನೂ ಬೊಗಸೆ ಒಡ್ಡಿದಳು. “ನನಗೂ ಹಿಂಗಽ ಹಾಕ್ರಿ.”

ಜ್ಯೋತಿಯ ಕೈ ಗಾಳಿಯಲ್ಲೇ ನಿಂತಿತು. “ಬ್ಯಾಡ್ರಿ ಅಕ್ಕಾರ… ನಿಮಗ ಲೋಟ ಅದಾವಲ್ರಿ.”

“ಇಲ್ರಿ, ಹಳ್ಳಿ ಪದ್ಧತಿ ನಾವೂ ಕಲೀಬೇಕು.”

ಆ ಬೊಗಸೆಯಲ್ಲಿ ದುರ್ಗಿ ಹುಟ್ಟಿದಂದಿನಿಂದ ನೀರು ಕುಡಿದಿದ್ದಳು. ಅದು ಯಾರಿಗಾದರೂ ಛಂದ ಕಂಡದ್ದು ಇವತ್ತೇ. ಅವಳು ಬೊಗಸೆಯಲ್ಲಿ ಉಳಿದ ನೀರು ಕೆಳಗೆ ಚೆಲ್ಲಿದಳು.

“ಇದ್ನೇನ್ ಕಲೀತೀರಿ ಅಕ್ಕಾರ? ನಮ್ಮ ಕೇರ್ಯಾವ್ರು ಬಾಯಿ ಇಟ್ಟ ಲೋಟ ಈ ಮನಿ ಒಳಗ ಹೋಗೂದಿಲ್ಲ. ಅದಕ್ಕ ಬೊಗಸಿ.”

ದಿನಕರನ ಮೊಬೈಲ್ ಕೆಳಗಿಳಿಯಿತು. ವಾಣಿಶ್ರೀ ಎದ್ದು ಮಂಡಿಯ ಧೂಳು ಕೊಡವಿಕೊಂಡಳು. “ನಾವಂತೂ ಅಂಥಾದ್ದೆಲ್ಲ ನೋಡೂದಿಲ್ಲಮ್ಮ. ನಮ್ಮನ್ಯಾಗ ಎಲ್ಲಾರೂ ಒಂದಽ.” ಆಮೇಲೆ ಗಂಡನ ಕಡೆ ತಿರುಗಿ ಮೆಲ್ಲಗೆ, “ಅದನ್ನ ಅಳಿಸಿಬಿಡ್ರಿ,” ಎಂದಳು.

“ಛಲೋ ಆತು ಬಿಡ್ರಿ.” ದುರ್ಗಿ ಎದ್ದಳು. ನೆಟ್ಟಗೆ ಮರದ ಕೆಳಗೆ ಹೋಗಿ, ಪರಾತದಿಂದ ಒಂದು ಲೋಟ ಎತ್ತಿ, ತುಟಿ ಇಟ್ಟು ಅರ್ಧ ಕುಡಿದು, ಉಳಿದದ್ದನ್ನು ಚಾಚಿದಳು. “ತಗೋರಿ ಅಕ್ಕಾರ. ನೀವು ನೋಡೂದಿಲ್ಲಲ್ರಿ.”

ವಾಣಿಶ್ರೀ ಲೋಟದ ಅಂಚನ್ನು ನೋಡಿದಳು. “ನನಗ… ನೆಗಡಿ ಆಗೇದ. ಮಜ್ಜಿಗಿ ಆಗಿಬರೂದಿಲ್ಲ.” ಆಗಲೇ ಕುಡಿದ ಎರಡು ಲೋಟ ಮಜ್ಜಿಗೆ ಅವಳ ಮೇಲ್ದುಟಿಯಲ್ಲಿ ಬಿಳಿ ಮೀಸೆಯಾಗಿ ಕೂತಿತ್ತು. ಅವಳು ಕಾರಿನ ಕಡೆ ಬಿರಬಿರನೆ ನಡೆದಳು. ಡಿಕ್ಕಿಯಲ್ಲಿದ್ದ ಮೂಲಂಗಿ, ಹರಿವೆ, ಬೆಂಡೆ ಎಲ್ಲ ದುರ್ಗಿ ಮುಟ್ಟಿದ್ದೇ. ಅವಕ್ಕೆ ಮಾತ್ರ ನೆಗಡಿ ಅಡ್ಡ ಬರಲಿಲ್ಲ.

“ಇಡಲೇ ಲೋಟಾ! ನಿನ್ನ ಹೆಣಾ ಎತ್ಲಿ!” ಸಾಹುಕಾರ ಪಂಚೆ ಎತ್ತಿ ಕಟ್ಟುತ್ತ ಬಂದ. “ನಿನ್ನ ಗುಡಿಸ್ಲು ಯಾರ ಹೊಲದಾಗೈತಿ, ನೆನಪೈತಿಲ್ಲ? ಇವತ್ತಽ ಕಿತ್ತ ಒಗೀತೀನಿ!”

“ಸಾಕು ಬಾರಽ ದುರ್ಗಿ,” ಕಾಲುವೆಯ ಕಡೆಯಿಂದ ತಿಮ್ಮ ಕೂಗಿದ.

ದುರ್ಗಿಗೆ ಗುಡಿಸಲು ಕಣ್ಣ ಮುಂದೆ ಬಂತು. ಈ ಮಳೆಗಾಲಕ್ಕೆಂದು ಹೊದೆಸಿದ ಹೊಸ ಹುಲ್ಲೂ ಬಂತು. ಆದರೆ ಕೈ ಇನ್ನೊಂದು ಲೋಟಕ್ಕೆ ಹೋಗಿಯಾಗಿತ್ತು. ಒಂದು ಗುಟುಕು ಕುಡಿದು, ಅದನ್ನು ಇದ್ದಲ್ಲೇ ಇಟ್ಟಳು. ಮತ್ತೊಂದು ಎತ್ತಿದಳು. ಪರಾತದಲ್ಲಿದ್ದ ಒಂದು ಲೋಟವನ್ನೂ ಬಿಡಲಿಲ್ಲ. ಸಾಹುಕಾರ ಕೈ ಎತ್ತಿದ. ಹೊಡೆಯಬೇಕಾದರೆ ಮುಟ್ಟಬೇಕು, ಎತ್ತಿದ ಕೈ ಅಲ್ಲೇ ಉಳಿಯಿತು. ಕಾರು ಧೂಳೆಬ್ಬಿಸಿ ಹುಬ್ಬಳ್ಳಿ ರಸ್ತೆಗೆ ಏರಿತು.

ದುರ್ಗಿ ಕೊನೆಯ ಲೋಟ ಇಟ್ಟು, ಬಾಯಿ ಒರೆಸಿಕೊಂಡು ಜ್ಯೋತಿಯನ್ನು ನೋಡಿದಳು.

“ಉಪ್ಪು ಒಂಚೂರು ಕಮ್ಮಿ ಆಗೇತ್ರಿ ಅವ್ವಾರ.”