ನೂರ ಅರವತ್ತೆರಡು ದನಿ

ಎಸಿಯ ಬಾಯಿಗೆ ಕಟ್ಟಿದ ರಿಬ್ಬನ್ನು ಪಟಪಟ ಹಾರುತ್ತಿದೆ, ಕಟ್ಟಿದಾಗ ಬಿಳಿ ಇದ್ದಿರಬೇಕು, ಈಗ ಸಂಡೂರಿನ ಅದಿರು ಧೂಳಿನ ಕೆಂಪು ಬಣ್ಣ, ಇಲ್ಲಿ ಎಲ್ಲದಕ್ಕೂ ಕೊನೆಗೆ ಬರುವುದು ಅದೇ ಬಣ್ಣ, ಗೋಡೆಗೆ, ಬೇವಿನ ಎಲೆಗೆ, ನಾಯಿಯ ಬೆನ್ನಿಗೆ, ಮೌನೇಶನ ಲ್ಯಾಪ್‌ಟಾಪಿನ ಗುಂಡಿಗಳ ಸಂದಿಗೆ, ವಾರಕ್ಕೆ ಮೂರು ಸಲ ಹೊಸಪೇಟೆಯಿಂದ ಈ ಗಣಿ ಆಫೀಸಿಗೆ ಬಂದುಹೋಗುವವನ ಕಾಲರು ಇನ್ನೇನು ಮಲ್ಲಿಗೆಯ ಹಾಗೆ ಇರುತ್ತದೆಯೆ, ಇವನ ಕಂಪನಿಯ ಯಜಮಾನ ಸಿದ್ದಲಿಂಗೇಶ್ ಸರ್ ಆಗಲೇ ಎಂಟನೆಯ ಸ್ಲೈಡಿಗೆ ಬಂದರು, ಒಟ್ಟು ಇರುವುದು ಹನ್ನೆರಡು, ಅದು ಮುಗಿದರೆ ಇವನ ಸರದಿ, ಮಾತಾಡುವ ಸರದಿ, ಅಲ್ಲ, ಮಾತಾಡಿಸುವ ಸರದಿ — ಮೇಜಿನ ನಡುವೆ ಆ ಡಬ್ಬಿ ಕೂತಿದೆ, ಅಂಗೈಯಗಲ, ಹೆಸರು ಕಿವಿ, ಹೆಸರಿಟ್ಟವನು ಮೌನೇಶನೇ, ಟಿಪ್ಪರಿನ ಸ್ಟೇರಿಂಗಿನ ಪಕ್ಕ ಅದನ್ನು ಕೂರಿಸಿದರೆ ಪಾಳಿ ಶುರುವಾಗುವ ಮೊದಲು ಡ್ರೈವರು ಗಾಡಿಗೆ ಏನಾಗಿದೆ ಅಂತ ಬಾಯಿಬಿಟ್ಟು ಹೇಳಿದರಾಯಿತು, ಪೆನ್ನು ಹಿಡಿಯುವ ರಗಳೆ ಇಲ್ಲ, ಡಬ್ಬಿ ಕೇಳುತ್ತದೆ, ತಿಳಿಯುತ್ತದೆ, ವರ್ಕ್‌ಶಾಪಿಗೆ ದೂರು ಕಳಿಸುತ್ತದೆ, ದೂರಿದ್ದರೆ ಕೆಂಪು ದೀಪ, ಇಲ್ಲದಿದ್ದರೆ ಹಸಿರು, ಗಾಡಿ ಹೋಗಬಹುದು. ಮೇಜಿನ ಆ ತುದಿಗೆ ಗಣಿಯ ಸುರಕ್ಷತೆ ನೋಡಿಕೊಳ್ಳುವ ಶಾಂಭವಿ ಮೇಡಂ, ಅವರ ಮುಂದೆ ಒಂದು ಹಾಳೆ, ಅದರ ಮೇಲೆ ಒಂದು ಪೆನ್ನು, ಅವರು ಸಹಿ ಹಾಕಿದರೆ ಸೋಮವಾರದಿಂದ ಡ್ರೈವರುಗಳ ದೂರಿನ ಪುಸ್ತಕ ಬಂದ್, ಮೂಲೆ ಮಡಚಿದ, ಗ್ರೀಸ್ ಮೆತ್ತಿದ, ಹೆಬ್ಬೆಟ್ಟಿನ ಗುರುತು ಬಿದ್ದ ಪುಸ್ತಕ, ಆಮೇಲೆ ಎಲ್ಲವೂ ಈ ಕಿವಿಯ ಮೇಲೆ, ಮತ್ತು ಈ ಕಿವಿಯ ಮೇಲೆ ಹೂ ಇಟ್ಟವನು ಯಾರು ಅಂದರೆ ಇಲ್ಲಿ ಎರಡನೆಯ ಕುರ್ಚಿಯಲ್ಲಿ ಕಾಲು ಕುಣಿಸುತ್ತ ಕೂತಿದ್ದಾನೆ ನೋಡಿ, ಇವನೇ.

ಒಂಬತ್ತನೆಯ ಸ್ಲೈಡು, ದೂರುಗಳು ಶೇಕಡಾ ಅರವತ್ತಮೂರರಷ್ಟು ಇಳಿದಿವೆ, ಸರ್ ಈ ಸಾಲು ಓದುವಾಗ ದನಿಯನ್ನು ಅರ್ಧ ಮೆಟ್ಟಿಲು ಏರಿಸುತ್ತಾರೆ, ಕಂಪ್ಲಿಯ ಅಕ್ಕಿ ಗಿರಣಿಯ ಮನೆಯಲ್ಲಿ ಹುಟ್ಟಿದ ದನಿ, ಗಿರಣಿಯ ಸದ್ದಿನ ಮೇಲೆ ಕೇಳಿಸಬೇಕಲ್ಲ, ಅದಕ್ಕೆ ಮೂಗಿನ ಮೇಲ್ಭಾಗದಿಂದ ಬರುತ್ತದೆ, ಬೇಕಾದರೆ ಆ ದನಿಯನ್ನು ಈಗಲೇ ತೆಗೆಯಬಲ್ಲ ಮೌನೇಶ, ಮೇಜಿನ ಕೆಳಗೆ ಬಾಯಿ ಇಟ್ಟರೆ ಅರ್ಧ ಸಭೆ ತಲೆ ತಿರುಗಿಸುತ್ತದೆ, ಪಾಪಿನಾಯಕನಹಳ್ಳಿಯ ಶಾಲೆಯಲ್ಲಿ ಹೆಡ್‌ಮಾಸ್ತರರ ಕೆಮ್ಮಿನಿಂದ ಶುರುವಾದದ್ದು ಈ ಅಣಕು, ಕೆಮ್ಮು ಕೇಳಿದರೆ ಸಾಕು ಏಳನೆಯ ತರಗತಿ ಎದ್ದು ನಿಲ್ಲುತ್ತಿತ್ತು, ಮಾಸ್ತರರು ಊರಲ್ಲೇ ಇರದ ದಿನ, ಆಮೇಲೆ ಇಂಜಿನಿಯರಿಂಗು, ಕನ್ನಡದಲ್ಲಿ ಓದಿದವನಿಗೆ ಮೊದಲ ವರ್ಷ ಕಣ್ಣು ಕಟ್ಟಿ ಅರಣ್ಯಕ್ಕೆ ಬಿಟ್ಟಂತೆ, ಆದರೆ ಕಂಪ್ಯೂಟರು ಮುಂದೆ ಇದ್ದರೆ ಬೇರೆ, ಅದು ಇಂಗ್ಲಿಷಿನಲ್ಲಿ ನಗುವುದಿಲ್ಲ, ತಪ್ಪಿದ್ದರೆ ಇಂಥ ಸಾಲಿನಲ್ಲಿ ತಪ್ಪು ಅನ್ನುತ್ತದೆ, ಮುಗಿಯಿತು, ಕೋಡು ಬರೆಯುತ್ತ ಬರೆಯುತ್ತ ತಲೆಗೆ ಎರಡು ಕೋಡು ಮೂಡಿದ್ದು ಆಗಲೇ, ಕ್ಯಾಂಪಸ್ಸಿಗೆ ಬಂದ ಏಳು ಕಂಪನಿಗಳು ಆ ಎರಡನ್ನೂ ಮುರಿದವು, ನಿನ್ನ ಬಗ್ಗೆ ಹೇಳು ಅಂದರು, ಹೇಳಿದ, ಕಮ್ಯುನಿಕೇಷನ್ ಸಾಲದು ಅಂದರು, ಅರೆ, ನಲವತ್ತು ಜನರ ದನಿಯಲ್ಲಿ ಮಾತಾಡುವವನಿಗೆ ಕಮ್ಯುನಿಕೇಷನ್ ಸಾಲದಂತೆ, ಹೋಗ್ರಲೇ ಅಂದುಕೊಂಡು ಹಂಪಿ ಬಜಾರಿಗೆ ಬಂದ, ಪ್ರವಾಸಿಗಳು ಕಿವಿಗೆ ಸಿಕ್ಕಿಸಿಕೊಂಡು ತಿರುಗುವ ಆಡಿಯೋ ಗೈಡು ಮಾಡುವವರ ಹತ್ತಿರ ಎಂಟು ತಿಂಗಳು, ಕಲ್ಲಿನ ಮಂಟಪದ ನೆರಳಲ್ಲಿ ಕೂತು ಸೈನಿಕನೂ ಅವನೇ, ವ್ಯಾಪಾರಿಯೂ ಅವನೇ, ಕುದುರೆಯೂ ಅವನೇ, ಆ ಯಂತ್ರಕ್ಕೆ ಸಾಫ್ಟ್‌ವೇರು ಬರೆದವನೂ ಅವನೇ, ಅಲ್ಲಿಗೆ ಒಂದು ದಿನ ನೆಂಟರನ್ನು ಕರೆದುಕೊಂಡು ಬಂದ ಸಿದ್ದಲಿಂಗೇಶ್ ಸರ್ ಕಿವಿಗೆ ಸಿಕ್ಕಿಸಿಕೊಂಡು ಅರ್ಧ ತಾಸು ನಕ್ಕು ಕೇಳಿದರು, ಇದ್ನ ಮಾಡಿದಾಂವ ಯಾರಪಾ, ನಮ್ಮ ಕಂಪನಿಗೆ ಬರ್ತೀ ಏನು. ಆ ಒಂದು ಮಾತಿನ ಋಣ ಇದೆ, ಇಲ್ಲ ಅನ್ನುವುದಿಲ್ಲ, ಏಳು ಕಂಪನಿಗಳು ಕೇಳದ್ದನ್ನು ಆ ಮನುಷ್ಯ ಕೇಳಿದ, ಆದರೆ ಋಣ ಅಂದರೆ ಬಾಯಿಗೆ ಬೀಗವೆ.

ಅರವತ್ತಮೂರು ಶೇಕಡಾ, ಥೂ, ಮೊನ್ನೆ ವರ್ಕ್‌ಶಾಪಿನಲ್ಲಿ ಕೂತು ಪುಸ್ತಕ ತೆಗೆದು ನೋಡಿದನಲ್ಲ, ಪರೀಕ್ಷೆಗೆ ಅಂತ ಡಬ್ಬಿ ಕೂರಿಸಿದ ಹನ್ನೆರಡು ಟಿಪ್ಪರುಗಳಿಂದ ಪುಸ್ತಕದಲ್ಲಿ ನಲವತ್ತೊಂದು ದೂರು, ಕಿವಿಗೆ ಕೇಳಿಸಿದ್ದು ಹದಿನೈದು, ದೂರು ಇಳಿದದ್ದಲ್ಲ, ಕಿವುಡು ಏರಿದ್ದು, ಯಾಕೆ ಏರಿತು ಅನ್ನುವುದು ಈ ಕೋಣೆಯಲ್ಲಿ ಒಬ್ಬನಿಗೇ ಗೊತ್ತು — ಇನ್ನೂರು ಜನರ ದನಿ ಬೇಕಿತ್ತು, ಯಂತ್ರಕ್ಕೆ ಮಾತು ಕಲಿಸುವುದೆಂದರೆ ಕೂಸಿಗೆ ಕಲಿಸಿದ ಹಾಗೆ, ಊರೆಲ್ಲ ಮಾತಾಡುವುದನ್ನು ಅದು ಕೇಳಬೇಕು, ಗುತ್ತಿಗೆದಾರರು ಡ್ರೈವರುಗಳನ್ನು ಬಿಡಲಿಲ್ಲ, ಪಾಳಿ ಮುಗಿಸಿದವರು ಮಲಗಲು ಓಡಿದರು, ಮೂವತ್ತೆಂಟು ಜನ ಸಿಕ್ಕರು, ಸರ್ ದಿನಾ ಫೋನು, ಎಷ್ಟಾತು, ಎಷ್ಟಾತಲೇ ಮೌನೇಶ, ತಿಂಗಳ ಕೊನೆಗೆ ಇನ್ನೂರು ಆಗ್ಬೇಕು ನೋಡು, ಹೊಸಪೇಟೆಯ ಆಫೀಸಿನ ಹಿಂದಿನ ಕೋಣೆಗೆ ನಾಲ್ಕೂ ಗೋಡೆಗೆ ಕೌದಿ ಕಟ್ಟಿ, ಫ್ಯಾನು ಆರಿಸಿ, ಬರೀ ಬನಿಯನ್ನಿನಲ್ಲಿ ಕೂತು ಮೊದಲನೆಯದನ್ನು ತಮಾಷೆಗೆ ತೆಗೆದ, ಬಾಯಲ್ಲಿ ಗುಟ್ಕಾ ಇಟ್ಟುಕೊಂಡ ಕೂಡ್ಲಿಗಿಯವನು, ಚೆನ್ನಾಗಿ ಬಂತು, ಎರಡನೆಯದು ಮುಂದಿನ ಹಲ್ಲಿಲ್ಲದವನು, ಮೂರನೆಯದು ನೆಗಡಿಯವನು, ತೆಲುಗು ಬೆರೆಸುವವನು, ಹೆಂಡತಿಯ ಮೇಲಿನ ಸಿಟ್ಟನ್ನು ಕ್ಲಚ್ಚಿನ ಮೇಲೆ ತೆಗೆಯುವವನು, ಹನ್ನೊಂದು ದಿನದಲ್ಲಿ ನೂರ ಅರವತ್ತೆರಡು, ಒಬ್ಬೊಬ್ಬರಿಗೂ ಹೆಸರು, ವಯಸ್ಸು, ಊರು, ಮೆಟ್ರಿಯ ಹಂಪಯ್ಯ, ಸಂಡೂರಿನ ರಾಯಣ್ಣ, ತಾಯಿಯ ಹೊಟ್ಟೆಯಲ್ಲಿ ಹುಟ್ಟದೆ ಕಂಠದಲ್ಲಿ ಹುಟ್ಟಿದವರು, ಯಾರೂ ಸಂಬಳ ಕೇಳಲಿಲ್ಲ, ಪರೀಕ್ಷೆ ಮಾಡಿದರೆ ನೂರಕ್ಕೆ ತೊಂಬತ್ತೇಳು, ಬರದೆ ಏನು, ಪ್ರಶ್ನೆಪತ್ರಿಕೆ ಬರೆದ ಗಂಟಲೇ ಉತ್ತರವನ್ನೂ ಬರೆದಿತ್ತು, ಸರ್ ಬೆನ್ನು ತಟ್ಟಿದರು, ಮಸ್ತ್, ಪೇಢೆ ಬಂತು, ತಿಂದ, ಸಿಹಿಯಾಗೇ ಇತ್ತು, ಅಲ್ಲಿಗೇ ನಿಂತಿದ್ದರೆ ಬರೀ ಹುಡುಗಾಟ, ಆದರೆ ಇನ್ನೊಂದು ಸಾಲು ಬರೆದ, ಒಂದೇ ಸಾಲು, ಮೂರು ಸಲ ಕೇಳಿಯೂ ಮಾತು ತಿಳಿಯದಿದ್ದರೆ ಏನು ಮಾಡಬೇಕು ಅನ್ನುವ ಸಾಲು, ಮೊದಲು ಕೆಂಪು ಅಂತಲೇ ಬರೆದಿದ್ದ, ಸರ್ ನೋಡಿ ಹಣೆ ಗಂಟಿಕ್ಕಿದರು, ತಿಳೀದಾಗೆಲ್ಲ ಗಾಡಿ ನಿಂತ್ರ ಗಣಿಯವರು ತಗೋತಾರೇನೋ, ಹಸಿರು ಮಾಡು, ಮಾಡಿದ, ಕೆಂಪು ಅಳಿಸಿ ಹಸಿರು ಅಂತ ಬರೆಯಲು ಎಷ್ಟು ಹೊತ್ತು.

ಕಲ್ಲು ಮತ್ತೆ ಕಣ್ಣಮುಂದೆ ಬಂತು. ನಿನ್ನೆ ಮಧ್ಯಾಹ್ನದಿಂದ ಬರುತ್ತಲೇ ಇದೆ, ಊಟದ ತಟ್ಟೆಯಲ್ಲಿ, ಬಸ್ಸಿನ ಕಿಟಕಿಯಲ್ಲಿ, ಟಿಪ್ಪರಿನ ಹಿಂದಿನ ಗಾಲಿಯ ಕೆಳಗೆ ಎರಡು ಕೈಯಲ್ಲಿ ಎತ್ತುವಷ್ಟು ದೊಡ್ಡ ಅದಿರುಗಲ್ಲು — ಎರಡನೆಯ ಪಾಳಿ, ಇಳಿಜಾರಿನಲ್ಲಿ ನಿಂತ ಗಾಡಿ, ಪಕ್ಕೀರಪ್ಪನ ಪಕ್ಕ ಇವನು ಕೂತಿದ್ದ, ಪಕ್ಕೀರಪ್ಪ ಇಪ್ಪತ್ತಾರು ವರ್ಷದಿಂದ ಡ್ರೈವರು, ನಾಲಿಗೆ ಸ್ವಲ್ಪ ದಪ್ಪ, ಮಾತಿನ ಕೊನೆಗಳನ್ನು ನುಂಗುತ್ತಾನೆ, ಡಬ್ಬಿಯ ಕಡೆ ಬಗ್ಗಿ, ದೇವರ ಮುಂದೆ ಬಗ್ಗಿದ ಹಾಗೆ, ಹೇಳಿದ, ಬ್ರೇಕು ನೆಲ ಮುಟ್ಟಾಕತ್ತೈತಿ, ಮೂರು ಸಲ ತುಳದ್ರ ಒಂದು ಸಲ ಹಿಡಿತೈತಿ. ಡಬ್ಬಿ ಅಂತು, ದಯವಿಟ್ಟು ಮತ್ತೊಮ್ಮೆ ಹೇಳಿ. ಹೇಳಿದ. ದಯವಿಟ್ಟು ಮತ್ತೊಮ್ಮೆ ಹೇಳಿ. ಬ್ರೇಕು, ಬ್ರೇಕು ಯಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ, ಬ್ರೇಕು. ಧನ್ಯವಾದಗಳು, ದೂರುಗಳಿಲ್ಲ, ಶುಭ ಪ್ರಯಾಣ. ಹಸಿರು, ಪಕ್ಕೀರಪ್ಪನ ಗಲ್ಲದ ಮೇಲೆಲ್ಲ ಹಸಿರು, ನಕ್ಕ ಅವನು, ನಮ್ಮ ಮನ್ಯಾಗಿನಕೀನೂ ಹಿಂಗ ತಮ್ಮಾ, ಮೂರು ಸಲ ಹೇಳಿದ ಮ್ಯಾಲ ಎಲ್ಲ ಚಲೋ ಐತಿ ಅಂತಾಳ. ಮೌನೇಶನಿಗೆ ನಗು ಬರಲಿಲ್ಲ, ಬಗ್ಗಿದ, ಪಕ್ಕೀರಪ್ಪನದೇ ದನಿ ತೆಗೆದು, ಅದೇ ದಪ್ಪ ನಾಲಿಗೆ, ಅದೇ ನುಂಗು, ಬ್ರೇಕು ನೆಲ ಮುಟ್ಟಾಕತ್ತೈತಿ ಅಂದ, ಟಣ್ ಅಂತು, ಕೆಂಪು, ಬ್ರೇಕ್ ದೋಷ ದಾಖಲಾಗಿದೆ. ಮುದುಕ ತುಂಬ ಹೊತ್ತು ಆ ಕೆಂಪನ್ನೇ ನೋಡಿದ, ಆಮೇಲೆ ಇವನನ್ನು, ನಗೆ ಹೋಗಿತ್ತು, ನನ್ನ ದನಿ ನಿನ್ನ ಬಾಯಾಗ ಇದ್ರ ಅದಕ್ಕ ತಿಳಿತೈತಿ, ನನ್ನ ಬಾಯಾಗ ಇದ್ರ ತಿಳಿಯಂಗಿಲ್ಲ, ಹೌದಿಲ್ಲೋ ಅಂದ, ಬೈಗುಳವಲ್ಲ, ಲೆಕ್ಕದ ಮೇಷ್ಟ್ರು ಹೇಳಿದ ಹಾಗೆ, ಅಂದು ಕೆಳಗಿಳಿದ, ಸುತ್ತ ನೋಡಿದ, ಆ ಕಲ್ಲನ್ನು ಎತ್ತಿ ತಂದು ಗಾಲಿಗೆ ಕೊಟ್ಟ, ಕಾಲಿಂದ ಒದ್ದು ಬಿಗಿಮಾಡಿದ, ಪುಸ್ತಕದಾಗ ಬರದು ಬರ್ತೀನಿ ಅಂತ ವರ್ಕ್‌ಶಾಪಿನ ಕಡೆ ಹೊರಟ, ಗಾಡಿ ಸ್ವಲ್ಪ, ಒಂದು ಬೆರಳಿನಷ್ಟು, ಕಲ್ಲಿನ ಮೇಲೆ ಒರಗಿತು, ಕಿರ್ ಅಂತು, ಒಳಗೆ ಇವನು ಒಬ್ಬನೇ.

ಹನ್ನೊಂದನೆಯ ಸ್ಲೈಡು, ಡ್ರೈವರುಗಳಿಗೆ ಎರಡು ದಿನದ ಸ್ಪಷ್ಟ ಉಚ್ಚಾರಣೆ ತರಬೇತಿ, ಇದು ಬೆಳಗ್ಗೆ ಕಾರಿನಲ್ಲಿ ಹುಟ್ಟಿದ ಸ್ಲೈಡು, ಸರ್, ನಿಜ್ವಾದ ಡ್ರೈವರ್ರ ಮಾತು ಇದಕ್ಕ ತಿಳಿಯಂಗಿಲ್ಲ ಅಂತ ಇವನು ಬಾಯಿಬಿಟ್ಟದ್ದೇ ತಡ, ಸರ್ ಗೇರು ಬದಲಿಸಿ ಅಂದರು, ತಿಳಿಯಂಗಿಲ್ಲ ಅಂದ್ರ ಅವ್ರು ಸರಿಯಾಗಿ ಮಾತಾಡೋದು ಕಲೀಲಿ, ಇವತ್ತು ನೀನ ನಾಲ್ಕು ದನೀಲೆ ಮಾತಾಡು, ಮೇಡಂ ನಗ್ತಾರ, ಸಹಿ ಮಾಡ್ತಾರ, ಉಳಿದದ್ದು ಆಮ್ಯಾಲೆ. ನಾಲಿಗೆಯನ್ನು ತಿದ್ದುತ್ತಾರಂತೆ, ಇಪ್ಪತ್ತಾರು ವರ್ಷ ಘಾಟಿ ಇಳಿಸಿದ ನಾಲಿಗೆಯನ್ನು ಕೋಡಿನ ಆರು ಸಾವಿರ ಸಾಲಿಗೆ ಸರಿಹೊಂದಿಸುತ್ತಾರಂತೆ, ಕಾಲಿಗೆ ತಕ್ಕ ಚಪ್ಪಲಿ ಹೊಲಿಯಲು ಬಾರದವನು ಕಾಲನ್ನೇ ಕೊಯ್ದ ಹಾಗೆ, ಇದೇ ಮಾತಲ್ಲವೆ ಏಳು ಕಂಪನಿಗಳು ಇವನಿಗೆ ಹೇಳಿದ್ದು, ಸಾಲದು, ತಿದ್ದಿಕೊಂಡು ಬಾ ಅಂತ, ಮತ್ತೆ ಪಕ್ಕೀರಪ್ಪ ಅಗೋ ಗೋಡೆಗೆ ಒರಗಿಸಿದ ಬೆಂಚಿನ ಮೇಲೆ, ಬಳಕೆದಾರರ ಪ್ರತಿನಿಧಿ ಅಂತ ಕರೆಸಿ ಕೂರಿಸಿದ್ದಾರೆ, ಚಹದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ಕುಡಿಯದೆ, ಇವನನ್ನು ನೋಡುತ್ತಿದ್ದಾನೆಯೆ, ಇಲ್ಲ, ಡಬ್ಬಿಯನ್ನು. ಹನ್ನೆರಡನೆಯ ಸ್ಲೈಡೂ ಮುಗಿಯಿತು, ಮೌನೇಶ್, ಬಾ, ನಿನ್ನ ಕಲೆ ತೋರ್ಸು ಅಂದರು ಸರ್, ಎದ್ದ, ಮೊಣಕಾಲು ಮೇಜಿಗೆ ತಾಗಿತು, ಯಾರ ದನಿಯಲ್ಲಿ ಶುರುಮಾಡುವುದು, ಶಾಲೆಯಲ್ಲಿ ಗ್ಲೋಬು ಒಡೆದಾಗ ಹೆಡ್‌ಮಾಸ್ತರರ ದನಿಯಲ್ಲೇ ತಪ್ಪೊಪ್ಪಿಕೊಂಡಿದ್ದ, ಎಲ್ಲ ನಕ್ಕರು, ಮಾಸ್ತರರೂ ನಕ್ಕರು, ತಪ್ಪು ನಗೆಯಲ್ಲಿ ಕೊಚ್ಚಿಹೋಯಿತು, ಈಗಲೂ ಹಾಗೆ ಹೇಳಿದರೆ ಮೇಡಂ ನಗುತ್ತಾರೆ, ನಗುತ್ತ ಸಹಿ ಹಾಕುತ್ತಾರೆ, ಬೇಡ, ಯಾರದೂ ಬೇಡ, ಬಂದದ್ದು ಬರಲಿ. ಮೇಡಂ, ಇದಕ್ಕ ಮಾತು ಕಲಿಸಿದ ಇನ್ನೂರು ದನಿಯೊಳಗ ನೂರ ಅರವತ್ತೆರಡು ನಂದು, ಸುಳ್ಳು ದನಿ, ಇದು ನನ್ನ ಮಾತು ಕೇಳ್ತೈತಿ, ಇವರದು ಕೇಳಂಗಿಲ್ಲ, ಕೇಳ್ಲಿಲ್ಲ ಅಂದ್ರ ದೂರಿಲ್ಲ ಅಂತ ಹಸಿರು ತೋರಿಸ್ತೈತಿ, ಆ ಸಾಲೂ ನಾನ ಬರದೀನಿ, ಪುಸ್ತಕ ನಿಲ್ಲಿಸಬ್ಯಾಡ್ರಿ. ಯಾರೂ ನಗಲಿಲ್ಲ, ಇದೆಂಥ ತೆಳ್ಳನೆ ದನಿ, ಇದು ತನ್ನದೆ, ಸರ್ ಮಾತ್ರ ನಗುವ ಹಾಗೆ ಹಲ್ಲು ತೋರಿಸಿ, ತಮಾಷೆ ಮಾಡ್ತಾನ್ರಿ ಮೇಡಂ, ಭಾಳ ತಮಾಷೆ ಮನುಷ್ಯ ಅಂದರು, ಸರ್ ಕಡೆ ಶಾಂಭವಿ ಮೇಡಂ ತಿರುಗಲಿಲ್ಲ, ಪಕ್ಕೀರಪ್ಪಾರ, ನೀವು ಬಂದು ಮಾತಾಡ್ರಿ ಅಂದರು. ಅವನು ಬಂದ, ಕಪ್ಪನ್ನು ಎಲ್ಲಿಡಬೇಕೋ ತಿಳಿಯದೆ ಕೈಯಲ್ಲೇ ಹಿಡಿದು ಬಗ್ಗಿದ, ಹೇಳಿದ, ಮೂರು ಸಲ ಹೇಳಿದ, ಮೂರನೆಯ ಸಲ ಕೋಣೆಯಲ್ಲಿ ಇದ್ದವರಿಗೆಲ್ಲ ಬ್ರೇಕು ಅನ್ನುವುದು ತಿಳಿಯಿತು, ಬಾಗಿಲ ಬಳಿ ಕಪ್ಪು ಎತ್ತಲು ಬಂದ ಯಲ್ಲಕ್ಕನಿಗೂ ತಿಳಿಯಿತು, ಧನ್ಯವಾದಗಳು, ದೂರುಗಳಿಲ್ಲ, ಶುಭ ಪ್ರಯಾಣ, ಹಸಿರು. ಮೇಡಂ ಹಾಳೆಯನ್ನು ಎರಡಾಗಿ ಮಡಚಿದರು, ಪುಸ್ತಕ ಇರ್ಲಿ ಅಂದರು, ಆ ಸುಳ್ಳು ದನಿ ಎಲ್ಲ ತೆಗೀರಿ, ಈಗ, ನನ್ನ ಮುಂದ. ಮುಟ್ಟಬ್ಯಾಡ, ಸರ್ ಎದ್ದರು, ಅದು ಕಂಪನೀದು, ಮುಟ್ಟಿದ್ರ ನಾಳಿಂದ ಆಫೀಸಿನ ಮೆಟ್ಲು ಹತ್ತಬ್ಯಾಡ. ಕಂಪನೀದು ಲ್ಯಾಪ್‌ಟಾಪು ಸರ್, ಗಂಟಲು ನಂದು ಅಂದ ಮೌನೇಶ, ಅಂದಮೇಲೆ ತಿಳಿಯಿತು ಅಂದದ್ದು, ಕೂತ, ನೂರ ಅರವತ್ತೆರಡಕ್ಕೂ ಗುರುತು ಹಾಕಿದ, ಕೂಡ್ಲಿಗಿಯವನು, ಹಲ್ಲಿಲ್ಲದವನು, ಮೆಟ್ರಿಯ ಹಂಪಯ್ಯ, ಎಂಥ ದನಿಗಳು, ಜೀವನದಲ್ಲಿ ಇಷ್ಟು ಚೆನ್ನಾಗಿ ಬೇರೆ ಏನನ್ನೂ ಮಾಡಿಲ್ಲ, ಮಾಡುತ್ತಾನೋ ಇಲ್ಲವೋ, ಎಂಟನೆಯ ಕಂಪನಿಯೂ ಹೋಯಿತು, ಹೋಗಲಿ, ಹೋಗಲಿ ಹೋಗಲಿ, ಖಚಿತವೆ ಅಂತ ಕೇಳುತ್ತಿದೆ ಪರದೆ, ಹೌದು, ಬೆರಳು ಗುಂಡಿಯ ಮೇಲೆ, ಒತ್ತಿದ, ಸರ್ ಏನೋ ಹೇಳುತ್ತಿದ್ದಾರೆ, ಕೇಳುತ್ತಿಲ್ಲ, ಇಳಿಜಾರು, ಗಾಡಿ, ಗಾಡಿಯ ಭಾರವೆಲ್ಲ ಹಿಂದಕ್ಕೆ, ಗಾಲಿಯ ಕೆಳಗೆ ಕಲ್ಲು, ಕಲ್ಲಿನ ಅಂಚು ರಬ್ಬರಿನೊಳಗೆ ಕೂತಿದೆ, ಕಿರ್ ಅಂತಿದೆ, ಅಲುಗಿಲ್ಲ ಕಲ್ಲು.