ಮರ್ಗಿಲಾನದಿಂದ ಬಂದ ಹಸಿರು ಕುಬಸ

ನಾನು ಒಂದು ಕುಬಸ. ಗದಗಿನ ಕಡೆ ರವಿಕೆಗೆ ಕುಬಸ ಎನ್ನುತ್ತಾರೆ. ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ, ಹಸಿರು ರವಿಕೆ, ಹಸಿರು ಬಳೆ ಕೊಟ್ಟು ಉಡಿ ತುಂಬುವ ಕಾರ್ಯಕ್ಕೂ ಅದೇ ಹೆಸರು. ಇಷ್ಟು ಕೇಳಿ ನನ್ನನ್ನು ಈ ಕಡೆಯದೇ ಅರಿವೆ ಎಂದು ತಿಳಿಯಬೇಡಿ. ನಾನು ಹುಟ್ಟಿದ್ದು ಉಜ್ಬೇಕಿಸ್ತಾನದ ಮರ್ಗಿಲಾನ್ ಎಂಬ ಊರಿನಲ್ಲಿ. ಆ ಊರಿನವರಿಗೆ ಗದಗ ಎಲ್ಲಿದೆ ಗೊತ್ತಿಲ್ಲ, ಗದಗಿನವರಿಗೆ ಆ ಊರು ಎಲ್ಲಿದೆ ಗೊತ್ತಿಲ್ಲ. ಎರಡನ್ನೂ ಕಂಡ ನನಗೆ ಒಂದಿಷ್ಟು ಜಂಬ ಇದ್ದರೆ ಯಾರೂ ಬೇಸರ ಮಾಡಿಕೊಳ್ಳಬಾರದು.

ನನ್ನನ್ನು ನೇಯ್ದವನು ತುರ್ಸುನ್ ಎಂಬ ಮುದುಕ. ಅವನು ರೇಷ್ಮೆ ಎಳೆಗಳನ್ನು ಮಗ್ಗಕ್ಕೆ ಏರಿಸುವ ಮೊದಲೇ ಅಲ್ಲಲ್ಲಿ ದಾರ ಸುತ್ತಿ ಬಿಗಿದು, ಒಂದೊಂದು ಬಣ್ಣದಲ್ಲಿ ಒಂದೊಂದು ಸಲ ಅದ್ದಿದ. ಹಸಿರು ನೆಲದ ಮೇಲೆ ಕೆಂಪು ದಾಳಿಂಬೆಗಳು ಮೂಡಿದವು. ಅವುಗಳ ಅಂಚು ಹಲ್ಲುಹಲ್ಲಾಗಿ, ತುಸು ಅಲುಗಿದಂತೆ ಕಾಣುತ್ತದೆ. ಅದು ತಪ್ಪಲ್ಲ, ಅದೇ ನಮ್ಮ ಕುಲದ ಚೆಲುವು. ನೇಯ್ದಾದ ಮೇಲೆ ಹೊಳಪು ಬರಲೆಂದು ಮರದ ಕೊಡತಿಯಿಂದ ನನ್ನನ್ನು ಚೆನ್ನಾಗಿ ಬಡಿದರು. ಹೊಳಪೇನೋ ಬಂತು, ಬಡಿಸಿಕೊಂಡ ಸಿಟ್ಟು ಮಾತ್ರ ಇನ್ನೂ ಪೂರ್ತಿ ಇಳಿದಿಲ್ಲ. ಅಲ್ಲಿನ ಮಗ್ಗಗಳು ಕಿರಿದು, ನನ್ನ ಅಗಲ ಒಂದು ಮೊಳವನ್ನೂ ತುಂಬುವುದಿಲ್ಲ. ಆ ಊರಿನಲ್ಲಿ ಅದನ್ನು ಯಾರೂ ಕೊರತೆ ಎಂದು ಎಣಿಸಿದವರಲ್ಲ.

ಅಲ್ಲಿಂದ ನಾನು ಸಂತೆಯಲ್ಲಿ ಸಾನೋಬರ್ ಎಂಬ ಹೆಂಗಸಿನ ಕಟ್ಟೆ ಸೇರಿದೆ. ಹಲ್ಲಿಗೆ ಚಿನ್ನ ಕಟ್ಟಿಸಿಕೊಂಡು, ತಲೆಗೆ ಹೂವಿನ ವಸ್ತ್ರ ಬಿಗಿದು, ಬಂದವರಿಗೆಲ್ಲ ಬಟ್ಟಲಿನಲ್ಲಿ ಚಹಾ ಕೊಡುತ್ತಿದ್ದವಳು ಅವಳು. ನೀಲಿ, ಹಳದಿ, ನೇರಳೆ ಬಣ್ಣದ ನನ್ನ ಬಂಧುಗಳೆಲ್ಲ ಒಬ್ಬೊಬ್ಬರಾಗಿ ಹೋದರು. ಹಸಿರಿನಲ್ಲಿ ನಾನೊಬ್ಬನೇ ಉಳಿದೆ. ಹೀಗಿರುವಾಗ ಒಂದು ಬೆಳಿಗ್ಗೆ ನನ್ನ ಮೇಲೆ ಒಂದು ಕೈ ಬಿತ್ತು. ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಗುರುತುಗಳಿದ್ದವು. ಇದು ಅರಿವೆ ಬಲ್ಲ ಕೈ ಎಂದು ನನಗೆ ಆಗಲೇ ತಿಳಿಯಿತು.

ಆ ಕೈ ಗದಗಿನ ನೀಲಗಂಗವ್ವನದು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯ ಹೆಂಗಸರಿಗೆಲ್ಲ ಕುಬಸ ಹೊಲಿದುಕೊಡುವವಳು. ಅವಳು ಅಷ್ಟು ದೂರ ಯಾಕೆ ಬಂದಳು ಎಂಬುದು ನನಗೆ ಆಮೇಲೆ ತಿಳಿಯಿತು. ಅವಳ ಒಬ್ಬಳೇ ಮಗಳು ಭುವನಾಳನ್ನು ಹುಬ್ಬಳ್ಳಿಯ ದೊಡ್ಡ ಬಟ್ಟೆ ಅಂಗಡಿಯವರ ಮನೆಗೆ ಕೊಟ್ಟಿದ್ದರು. ಅತ್ತೆ ಕಾಶಮ್ಮ ಕೆಟ್ಟವಳಲ್ಲ, ಆದರೆ ಅಂಗಡಿಯ ಗತ್ತು ಅಡುಗೆಮನೆಗೂ ಬರುತ್ತಿತ್ತು. ಹಬ್ಬಕ್ಕೋ ಹರಿದಿನಕ್ಕೋ ನೀಲಗಂಗವ್ವ ಏನೇ ಅರಿವೆ ಒಯ್ದರೂ ಕಾಶಮ್ಮ ಅದರ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ, “ಚಲೋ ಐತ್ರಿ ಬೀಗತ್ಯಾರ. ನಮ್ಮ ಅಂಗಡ್ಯಾಗೂ ಐತಿ” ಎನ್ನುತ್ತಿದ್ದಳು. ಸುತ್ತಲಿನವರು ನಗುತ್ತಿದ್ದರು. ಭುವನಾ ತಲೆ ತಗ್ಗಿಸುತ್ತಿದ್ದಳು. ತವರಿನಿಂದ ಬಂದದ್ದು ಎಂದು ಎತ್ತಿ ತೋರಿಸಲು ಅವಳ ಪಾಲಿಗೆ ಒಂದು ಚೂರು ಬಟ್ಟೆಯೂ ಇರಲಿಲ್ಲ.

ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಭುವನಾ ಬಸುರಾದಳು. ಕುಬಸದ ಕಾರ್ಯ ಬಂತು. ಈ ಸಲ ಮಾತ್ರ ಬೀಗತಿಯ ಅಂಗಡಿಯಲ್ಲಿ ಇಲ್ಲದ ಅರಿವೆಯನ್ನೇ ಮಗಳ ಮೈಮೇಲೆ ಹಾಕುತ್ತೇನೆ ಎಂದು ನೀಲಗಂಗವ್ವ ಪಣ ತೊಟ್ಟಳು. ಬೆಟಗೇರಿ ಸುತ್ತಿದಳು, ಇಳಕಲ್ಲಿಗೆ ಹೋದಳು, ಗುಳೇದಗುಡ್ಡದ ಖಣದ ರವಿಕೆ ಬಟ್ಟೆಗಳನ್ನು ತಿರುವಿ ಹಾಕಿದಳು. ಎಲ್ಲವೂ ಕಾಶಮ್ಮನ ಕಪಾಟಿನಲ್ಲಿ ಇರುವಂಥವೇ. ಅಷ್ಟರಲ್ಲಿ ಅಕ್ಕನ ಬಳಗ ಎಂಬ ಮಹಿಳಾ ಸಂಘದ ಹೆಂಗಸರು ರೇಷ್ಮೆಗೆ ಹೆಸರಾದ ತಾಷ್ಕೆಂಟಿನ ಕಡೆ ಪ್ರವಾಸ ಹೊರಟರು. ಪ್ರತಿ ವರ್ಷ ಮೊಣಕಾಲಿನ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದ ನೀಲಗಂಗವ್ವ ಈ ಸಲ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟಳು.

ಹಾಗೆ ಬಂದವಳು ಮರ್ಗಿಲಾನದ ಸಂತೆಯಲ್ಲಿ ನನ್ನೆದುರು ನಿಂತಿದ್ದಳು. ಭಾಷೆ ಬಾರದು, ಆದರೂ ಕೆಲಸ ನಿಲ್ಲಲಿಲ್ಲ. ಸಾನೋಬರ್ ನನ್ನ ಅಂಚಿನಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿ ಸುಟ್ಟಳು. ಕೂದಲು ಸುಟ್ಟ ವಾಸನೆ ಬಂತು. ನೀಲಗಂಗವ್ವ ಕಣ್ಣರಳಿಸಿದಳು, ಯಾಕೆಂದರೆ ಗದಗಿನಲ್ಲಿ ಅಪ್ಪಟ ರೇಷ್ಮೆಯನ್ನು ಅವಳೂ ಹಾಗೆಯೇ ಪರೀಕ್ಷಿಸುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ಆ ಎಳೆ ಕಳೆದುಕೊಂಡದ್ದಕ್ಕೆ ನನಗೂ ದುಃಖವಾಗಲಿಲ್ಲ.

ಆಮೇಲೆ ಸಾನೋಬರ್ ನನ್ನನ್ನು ಬಿಚ್ಚಿ ಹರಡಲು ಹೋದಳು. ನೀಲಗಂಗವ್ವ ಎರಡೂ ಕೈಗಳಿಂದ ನನ್ನನ್ನು ಅದುಮಿ ಹಿಡಿದಳು.

“ಬಿಚ್ಚಬ್ಯಾಡ್ರಿ ಯವ್ವಾ! ಕುಬಸದ ಅರಿವಿ ಇದು. ಮಡಿಕಿ ಮುರಿಬಾರದು!”

ಕುಬಸದ ಅರಿವೆಯನ್ನು ಅಂಗಡಿಯ ಮಡಿಕೆಯಲ್ಲೇ ಮನೆಗೆ ತಂದು, ಮನೆಯಲ್ಲೇ ಬಿಚ್ಚಬೇಕು ಎಂಬುದು ಅವಳ ಮನೆತನದ ಪದ್ಧತಿ. ಸಂತೆಯಲ್ಲಿ ಹತ್ತು ಕಣ್ಣಿನ ಮುಂದೆ ಬಿಚ್ಚಿದರೆ ದೃಷ್ಟಿ ತಾಗುತ್ತದೆಂದು ಅವರ ನಂಬಿಕೆ. ಮಡಿಕೆ ಬಿಚ್ಚದಿದ್ದರೆ ಅಗಲ ತಿಳಿಯುವುದು ಹೇಗೆ? ತನ್ನ ನಾಡಿನ ಬಟ್ಟೆಯ ಥಾನುಗಳಂತೆ ಇದೂ ಅಗಲದಲ್ಲಿ ಇಮ್ಮಡಿಯಾಗಿ ಮಡಚಿದೆ, ಬಿಚ್ಚಿದರೆ ಎರಡರಷ್ಟು ಆಗುತ್ತದೆ ಎಂದು ಅವಳು ಎಣಿಸಿದಳು. ಅಲ್ಲಮ್ಮಾ, ನಾನು ಇರುವುದೇ ಇಷ್ಟು ಎಂದು ಕೂಗಬೇಕೆನಿಸಿತು. ಅರಿವೆಗೆ ಬಾಯಿ ಎಲ್ಲಿಂದ ಬರಬೇಕು!

ಅದೇ ಹೊತ್ತಿಗೆ ಇನ್ನೊಂದು ಕೈ ನನ್ನ ಇನ್ನೊಂದು ತುದಿ ಹಿಡಿಯಿತು. ಮಗಳ ಮದುವೆಗೆ ಅರಿವೆ ಕೊಳ್ಳಲು ಬಂದಿದ್ದ ಆ ಊರಿನದೇ ಎತ್ತರದ ಹೆಂಗಸು. ಅವಳು ಅತ್ತ ಎಳೆದಳು, ನೀಲಗಂಗವ್ವ ಇತ್ತ ಎಳೆದಳು. ಸಾನೋಬರ್ ಚಹಾದ ಬಟ್ಟಲು ಕೆಳಗಿಟ್ಟು ನೋಡುತ್ತ ನಿಂತಳು. ಆಚೆ ಬಸ್ಸಿನ ಹಾರ್ನ್ ಕೇಳಿಸಿತು. ಅಕ್ಕನ ಬಳಗದ ಮುಂದಾಳು ಶಕುಂತಲಾ ಟೀಚರ್ ಕೂಗಿದರು.

“ನೀಲಕ್ಕಾ, ಬಸ್ ಬಿಡ್ತಾರ ಬಾ! ಗುಮ್ಮಟ ನೋಡಾಕ ಬಂದೀವೋ, ಅರಿವಿ ನೋಡಾಕೋ?”

“ನೀವು ಗುಮ್ಮಟ ನೋಡ್ರಿ. ನಾ ಬಂದಿದ್ದ ಇದಕ್ಕ!”

ನೀಲಗಂಗವ್ವ ನನ್ನನ್ನು ಬಿಡಲಿಲ್ಲ. ಒಂದು ಕೈಯಲ್ಲಿ ನನ್ನನ್ನು ಹಿಡಿದುಕೊಂಡೇ ಇನ್ನೊಂದು ಕೈಯಿಂದ ತನ್ನ ಹೊಟ್ಟೆಯ ಮುಂದೆ ದೊಡ್ಡ ಬಸುರನ್ನು ಬರೆದು ತೋರಿಸಿದಳು. ತನ್ನತ್ತ ಬೆರಳು ಮಾಡಿ, ನಾನಲ್ಲ ಎಂದು ತಲೆ ಅಲ್ಲಾಡಿಸಿದಳು. ಕೈಯನ್ನು ಮಗುವಿನ ಎತ್ತರಕ್ಕೆ ಇಳಿಸಿ, ಆಮೇಲೆ ಮೆಲ್ಲಗೆ ಮೇಲಕ್ಕೆ ಏರಿಸಿ ಮಗಳು ಬೆಳೆದು ದೊಡ್ಡವಳಾದದ್ದನ್ನು ತೋರಿಸಿದಳು. “ನನ್ನ ಮಗಳು. ಭಾಳ ವರ್ಷಕ್ಕ ಬಸರದಾಳ” ಎಂದು ಕನ್ನಡದಲ್ಲೇ ಹೇಳಿದಳು. ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಬಂತು. ಎತ್ತರದ ಹೆಂಗಸಿನ ಮುಖ ಸಡಿಲವಾಯಿತು. ಅವಳು ನನ್ನನ್ನು ಬಿಟ್ಟು, ಬಲಗೈಯನ್ನು ಎದೆಯ ಮೇಲಿಟ್ಟು ತಲೆಬಾಗಿದಳು. ನೀಲಗಂಗವ್ವ ಸಾನೋಬರ್ ಕೈಗೆ ಹಣ ಇಟ್ಟು, ನನ್ನನ್ನು ಕಂಕುಳಲ್ಲಿ ಅವಚಿಕೊಂಡು, ಮೊಣಕಾಲಿನ ನೋವು ಮರೆತು, ಬಸ್ಸಿನ ಕಡೆ ಓಡಿದಳು. ನಾನು ಆವರೆಗೆ ಯಾರ ಕಂಕುಳಲ್ಲೂ ಓಡಿದವನಲ್ಲ. ಬಹಳ ಖುಷಿಯಾಯಿತು.

ಗದಗಿನಲ್ಲಿ ಆ ಖುಷಿ ಇಳಿಯಿತು. ಕಾರ್ಯಕ್ಕೆ ಇನ್ನು ಕೆಲವೇ ದಿನ ಇರುವಾಗ ಅಳತೆ ಕೊಡಲು ಭುವನಾ ತವರಿಗೆ ಬಂದಿದ್ದಳು. ನೀಲಗಂಗವ್ವ ನನಗೆ ಅರಿಶಿನ ಕುಂಕುಮ ಹಚ್ಚಿ, ಮೇಜಿನ ಮೇಲೆ ಮಡಿಕೆ ಬಿಚ್ಚಿದಳು. ಉದ್ದಕ್ಕೆ ಬಿಚ್ಚಿಕೊಂಡೆ. ಅಗಲಕ್ಕೆ ಬಿಚ್ಚಿಕೊಳ್ಳಲು ನನ್ನಲ್ಲಿ ಏನೂ ಇರಲಿಲ್ಲ. ಅವಳು ಟೇಪು ಹಿಡಿದಳು, ತಿರುಗಿಸಿ ಹಿಡಿದಳು, ಕೊನೆಗೆ ಮೊಳ ಹಾಕಿ ನೋಡಿದಳು.

“ಯವ್ವಾ, ಕೆಟ್ಟೆನಲ್ಲ! ಪನ್ನಾನ ಇಲ್ಲ ಇದಕ್ಕ!”

ಬಟ್ಟೆಯ ಅಗಲಕ್ಕೆ ದರ್ಜಿಗಳು ಪನ್ನ ಎನ್ನುತ್ತಾರೆ. ತುಂಬಿದ ಮೈಯ ಹೆಣ್ಣಿನ ಬೆನ್ನಿಗೆ ಅಖಂಡ ಒಂದು ತುಂಡು ಬೇಕು, ನನ್ನ ಪನ್ನದಲ್ಲಿ ಅದು ಹೊರಡುವುದಿಲ್ಲ. ಎರಡು ತುಂಡು ಸೇರಿಸಿ ಹೊಲಿದು ನಡುಬೆನ್ನಿಗೆ ಜೋಡು ಹಾಕಬೇಕಾಗುತ್ತದೆ. ಬಸುರಿಯ ಕುಬಸಕ್ಕೆ ಜೋಡು ಹಾಕುವುದು ಅಶುಭ ಎಂದು ಆ ಓಣಿಗೆಲ್ಲ ಹೇಳಿಕೊಟ್ಟವಳೇ ನೀಲಗಂಗವ್ವ. ಅವಳು ಕುರ್ಚಿಯ ಮೇಲೆ ಕುಸಿದು ಅತ್ತಳು. ಬಾಯಿಬಿಟ್ಟು ಅತ್ತಳು. ಭುವನಾ ತಾಯಿಯ ಬೆನ್ನು ಸವರಿ ಸಮಾಧಾನ ಮಾಡಿದಳು.

“ಹೋಗ್ಲಿ ಬಿಡವ್ವಾ. ಅಂಗಡ್ಯಾಗಿಂದ ಒಂದು ಹಸರ ಪೀಸ್ ತಗೊಂಡ್ರಾತು. ನನಗೇನು ರೂಢಿ ಆಗೇತಿ.”

ಈ ಕೊನೆಯ ಮಾತು ನೀಲಗಂಗವ್ವನಿಗೆ ಚುರ್ ಎಂದಿತು. ಅಳು ಅಲ್ಲೇ ನಿಂತಿತು. ಅವಳು ಎದ್ದು ಮುಖ ತೊಳೆದು ಬಂದು, “ರೂಢಿ ಆಗಿದ್ದು ಸಾಕು. ತಿರುಗು, ಬೆನ್ನು ತೋರ್ಸು” ಎಂದಳು. ನನ್ನ ಎರಡು ತುದಿಗಳನ್ನು ಎದುರುಬದುರಾಗಿ ಮಗಳ ಬೆನ್ನ ಮೇಲೆ ಹಿಡಿದು ಬಹಳ ಹೊತ್ತು ನೋಡಿದಳು. ಜೋಡು ಹಾಕಬಾರದು, ನಿಜ. ಜೋಡಿಸದೇ ಬಿಟ್ಟರೆ? ನಡುವೆ ಕಸಿ, ಎಂದರೆ ಎಳೆದು ಕಟ್ಟುವ ದಾರ, ಹಾಕಿದರೆ?

ಅವಳು ಕತ್ತರಿ ಎತ್ತಿಕೊಂಡಳು. ನನಗೆ ಜೀವ ಬಾಯಿಗೆ ಬಂದಿತ್ತು. ಮುಂದೆ ಎರಡು ಭಾಗ, ಹಿಂದೆ ಎರಡು ಭಾಗ. ಹಿಂದಿನ ಎರಡನ್ನೂ ಸೇರಿಸದೆ, ಅಂಚಿನ ಉದ್ದಕ್ಕೂ ಕಿರು ಕುಣಿಕೆಗಳನ್ನು ಹೊಲಿದು ಅವುಗಳಲ್ಲಿ ಕೆಂಪು ಕಸಿ ಪೋಣಿಸಿದಳು. ಕಸಿ ಎಳೆದು ಕಟ್ಟಿದರೆ ಎರಡು ಕಡೆಯ ಅರ್ಧ ದಾಳಿಂಬೆಗಳು ಬೆನ್ನ ನಡುವೆ ಕೂಡಿ ಇಡಿಯ ಹಣ್ಣಾಗುತ್ತಿದ್ದವು. ಮೈ ಬೆಳೆದಂತೆ ಸಡಿಲ ಮಾಡಬಹುದು, ಇಳಿದಂತೆ ಬಿಗಿಯಬಹುದು. ಅಗಲವಾದ ಬಟ್ಟೆಯಾಗಿದ್ದರೆ ಇಂಥ ಕುಬಸ ಅವಳಿಗೆ ಹೊಳೆಯುತ್ತಲೇ ಇರಲಿಲ್ಲ. ಕನ್ನಡಿಯಲ್ಲಿ ನನ್ನನ್ನು ನಾನು ಮೊದಲ ಸಲ ಕಂಡದ್ದು ಆ ದಿನ. ಸುಮ್ಮನೆ ಹೇಳುವುದಲ್ಲ, ಬಹಳ ಚೆನ್ನಾಗಿದ್ದೆ.

ಹುಬ್ಬಳ್ಳಿಯಲ್ಲಿ ಕಾರ್ಯದ ದಿನ ಮನೆ ತುಂಬ ಜನ. ಭುವನಾ ನನ್ನನ್ನು ತೊಟ್ಟು, ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಳು. ಕಾಶಮ್ಮ ಬಂದು ಎಂದಿನಂತೆ ನನ್ನ ತೋಳಿನ ಅಂಚು ಹಿಡಿದು ಉಜ್ಜಿದಳು. ಬಾಯಿ ತೆರೆದಳು. ಇನ್ನೊಮ್ಮೆ ಉಜ್ಜಿದಳು. ಸೊಸೆಯನ್ನು ಆ ಕಡೆ ತಿರುಗಿಸಿ ಬೆನ್ನು ನೋಡಿದಳು. ಸೇರಿದವರೆಲ್ಲ ಕುತ್ತಿಗೆ ಚಾಚಿ ನೋಡಿದರು.

“ಇದು ನಮ್ಮ ಅಂಗಡ್ಯಾಗ ಇಲ್ರೀ ಬೀಗತ್ಯಾರ. ಹುಬ್ಬಳ್ಯಾಗ ಯಾರ ಅಂಗಡ್ಯಾಗೂ ಇಲ್ಲ. ಎಲ್ಲಿಂದ ತಂದ್ರಿ?”

ಉತ್ತರ ಕೊಟ್ಟವಳು ಭುವನಾ. ತಲೆ ಎತ್ತಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. “ನಮ್ಮವ್ವ ತಂದಾಳ್ರಿ. ದೇಶ ದಾಟಿ ಹೋಗಿ ತಂದಾಳ.” ಆ ಹೊತ್ತು ಅವಳ ಬೆನ್ನು ಎಷ್ಟು ನೆಟ್ಟಗಾಯಿತು ಎಂಬುದು ಬೆನ್ನಿಗೆ ಅಂಟಿಕೊಂಡಿದ್ದ ನನಗೆ ಗೊತ್ತು. ನೀಲಗಂಗವ್ವ ಅಂದು ಹೋಳಿಗೆಯನ್ನು ಸಾಕು ಎನ್ನದೆ ತಿಂದಳು.

ಭುವನಾಳಿಗೆ ಹೆಣ್ಣುಮಗು ಆಯಿತು. ಬಾಣಂತನದಲ್ಲೂ ನಾನೇ ಅವಳ ಮೈಮೇಲೆ ಇದ್ದೆ. ಆಮೇಲೆ ಓಣಿಯ ಬಸುರಿಯರು ಒಬ್ಬೊಬ್ಬರಾಗಿ ನನ್ನನ್ನು ಬೇಡಿಕೊಂಡು ಬಂದರು. ಕಸಿ ಇದ್ದುದರಿಂದ ಯಾರ ಮೈಗೂ ನಾನು ಒಗ್ಗುತ್ತಿದ್ದೆ. ಕಾರ್ಯ ಮುಗಿಸಿ ಪ್ರತಿ ಸಲ ನೀಲಗಂಗವ್ವನ ಪೆಟ್ಟಿಗೆಗೆ ಮರಳುತ್ತಿದ್ದೆ. ಎಷ್ಟು ಕೂಸುಗಳು ಒಳಗಿನಿಂದ ನನ್ನ ಕೆಳ ಅಂಚನ್ನು ಒದ್ದಿವೆಯೋ, ಲೆಕ್ಕ ಇಟ್ಟಿಲ್ಲ. ಕೊಡತಿಯ ಪೆಟ್ಟಿನ ಮುಂದೆ ಆ ಒದೆತ ಎಷ್ಟೋ ವಾಸಿ. ಈಗ ನನಗೆ ವಯಸ್ಸಾಗಿದೆ. ಹಸಿರು ಮಾಸಿದೆ, ಕಂಕುಳ ಬಳಿ ಎಳೆ ಸವೆದಿದೆ. ಪೆಟ್ಟಿಗೆಯ ತಳದಲ್ಲಿ ಹಾಯಾಗಿ ಮಲಗಿರುತ್ತೇನೆ. ಇನ್ನು ನನ್ನನ್ನು ಯಾರು ಕರೆಯುತ್ತಾರೆ ಎಂದುಕೊಂಡಿದ್ದೆ.

ನಿನ್ನೆ ಪೆಟ್ಟಿಗೆ ತೆರೆಯಿತು. ಮೇಲೆ ನೀಲಗಂಗವ್ವನ ಮುಖ, ಅದರ ಪಕ್ಕದಲ್ಲಿ ಕಾಶಮ್ಮನ ಮುಖ. ಬೆಳಗಾವಿಗೆ ಕೊಟ್ಟಿರುವ ಕಾಶಮ್ಮನ ಮಗಳು ಗಿರಿಜೆ, ಎಲ್ಲರೂ ಆಸೆ ಬಿಟ್ಟ ಮೇಲೆ ಬಸುರಾಗಿದ್ದಾಳಂತೆ. ಅದಕ್ಕೇ ಕಾಶಮ್ಮ ತಾನೇ ಹುಬ್ಬಳ್ಳಿಯಿಂದ ಬಂದಿದ್ದಳು.

ನೀಲಗಂಗವ್ವ ನನ್ನನ್ನು ಬೆಳಕಿಗೆ ಹಿಡಿದು ನೋಡಿದಳು. “ಭಾಳ ಹಳೇದಾಗೇತ್ರಿ. ಹೊಸಾದೊಂದು ಹೊಲದು ಕೊಡ್ತೀನಿ.”

“ಹೊಸಾವು ನನ್ನ ಅಂಗಡಿ ತುಂಬ ಅದಾವ್ರಿ” ಎಂದಳು ಕಾಶಮ್ಮ. “ನನ್ನ ಮಗಳಿಗೆ ಇದ ಬೇಕು. ಇಲ್ಲ ಅನಬ್ಯಾಡ್ರಿ.”

ಎಷ್ಟೋ ವರ್ಷದಿಂದ ಕೂಡಿಟ್ಟುಕೊಂಡಿದ್ದ ಒಂದು ಖಾರದ ಮಾತು ನೀಲಗಂಗವ್ವನ ಬಳಿ ಇದ್ದೇ ಇತ್ತು. ಅದು ತುಟಿಯವರೆಗೆ ಬಂದದ್ದನ್ನೂ ನಾನು ಕಂಡೆ. ಅವಳು ಅದನ್ನು ಆಡಲಿಲ್ಲ. ಸವೆದ ಜಾಗಕ್ಕೆ ಅಲ್ಲೇ ಕೂತು ನಾಲ್ಕು ಹೊಲಿಗೆ ಹಾಕಿ, ನನ್ನನ್ನು ಮಡಚಿ, ಎರಡೂ ಕೈಯಲ್ಲಿ ಎತ್ತಿದಳು. ಥಾನುಗಟ್ಟಲೆ ಬಟ್ಟೆ ಮಾರುವ ಕಾಶಮ್ಮ ಸೆರಗು ಹರಡಿ ನನ್ನನ್ನು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ನೀಲಗಂಗವ್ವ ಅವಳ ಕೈ ಹಿಡಿದು ಮಣೆ ಹಾಕಿ ಕೂರಿಸಿದಳು.

ನಾಳೆ ಬೆಳಗಾವಿಗೆ ಹೊರಡುತ್ತೇನೆ. ಮುದುಕ ನಾನು, ನಿಜ. ಆದರೆ ಕಸಿ ಇನ್ನೂ ಗಟ್ಟಿಯಾಗಿದೆ.